ಚಮಚ ಕೆಳಗಿಡಿ, ಪಕ್ಕದಲ್ಲಿ ಕುಳಿತುಕೊಳ್ಳಿ

ಮೊಹಲ್ಲಾದಲ್ಲಿ ಯಾರಾದರೂ ಸೀರಿಯಸ್ ಆಗಿದ್ದಾರೆಂದು ತಿಳಿದರೆ ನಮ್ಮವರು ಸುಮ್ಮನೆ ಕೂರುವುದಿಲ್ಲ. ಜುಮಾ ನಮಾಝ್ ಮುಗಿಸಿ ಗಂಡಸರು ಬರುತ್ತಾರೆ, ಅಸರ್ ನಂತರ ಹೆಂಗಸರು ಬರುತ್ತಾರೆ. ರೋಗಿಯ ಸಂದರ್ಶನ ನಮ್ಮಲ್ಲಿ ಇನ್ನೂ ಉಳಿದುಕೊಂಡಿರುವ ಒಳ್ಳೆಯ ಸಂಪ್ರದಾಯಗಳಲ್ಲೊಂದು. ಆದರೆ ಆ ಕೋಣೆಯೊಳಗೆ ನಡೆಯುವ ಒಂದು ವಿಷಯದ ಬಗ್ಗೆ ನಿಮ್ಮೊಂದಿಗೆ ಸ್ವಲ್ಪ ನೇರವಾಗಿಯೇ ಮಾತಾಡಬೇಕಾಗಿದೆ.

ಹಾಸಿಗೆಯ ಪಕ್ಕದಲ್ಲಿ ಒಂದು ಸ್ಟೂಲು. ಅದರ ಮೇಲೆ ಲೋಟದಲ್ಲಿ ಝಮ್‌ಝಮ್ ನೀರು, ಒಂದು ಚಮಚ. ರೋಗಿಗೆ ಪ್ರಜ್ಞೆ ಇಲ್ಲ, ಬಾಯಿ ತೆರೆದೇ ಇದೆ. ಬಂದವರೆಲ್ಲ ಒಂದೊಂದು ಚಮಚ ನೀರು ಬಾಯಿಗೆ ಹಾಕಿ ದುಆ ಮಾಡಿ ಹೋಗುತ್ತಾರೆ. ಮೂವತ್ತು ಮಂದಿ ಬಂದರೆ ಮೂವತ್ತು ಚಮಚ. ಸ್ವಲ್ಪ ಹೊತ್ತಿನಲ್ಲಿ ಗಂಟಲಲ್ಲಿ ಗೊರಗೊರ ಸದ್ದು ಹೆಚ್ಚುತ್ತದೆ. "ಪಾಪ, ಬಾಯಾರಿಕೆ ಇರಬೇಕು" ಎಂದು ಇನ್ನೊಬ್ಬರು ಮತ್ತೊಂದು ಚಮಚ ಹಾಕುತ್ತಾರೆ.

ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ನಾವು ಯಾರೂ ಯೋಚಿಸುವುದಿಲ್ಲ. ಅನ್ನನಾಳ ಮತ್ತು ಶ್ವಾಸನಾಳ ಗಂಟಲಲ್ಲಿ ಅಕ್ಕಪಕ್ಕದಲ್ಲೇ ಇವೆ. ನಾವು ನುಂಗುವಾಗ ಶ್ವಾಸನಾಳದ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಪ್ರಜ್ಞೆ ತಪ್ಪಿದವರಲ್ಲಿ ಈ ಏರ್ಪಾಡು ಕೆಲಸ ಮಾಡುವುದಿಲ್ಲ. ಲಕ್ವಾ ಹೊಡೆದವರಲ್ಲೂ ಎಷ್ಟೋ ಬಾರಿ ಹಾಗೆಯೇ. ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಬಲವಿದ್ದವರಾದರೆ ಕೆಮ್ಮಿ ಹೊರಹಾಕುತ್ತಾರೆ. ಇವರಿಗೆ ಕೆಮ್ಮಲೂ ಶಕ್ತಿಯಿಲ್ಲ. ನಂತರ ಬರುವುದು ಜ್ವರ, ಏದುಸಿರು, ನ್ಯುಮೋನಿಯಾ.

ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ನಾನು ಬಿ.ಯು.ಎಂ.ಎಸ್. ಮುಗಿಸಿ ಕ್ಲಿನಿಕ್ ತೆರೆದು ಎರಡು ವರ್ಷವಾಗಿದ್ದಾಗ ನನ್ನ ದಾದಿಗೆ ಲಕ್ವಾ ಹೊಡೆಯಿತು. ಆಸ್ಪತ್ರೆಯಲ್ಲಿ ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಮನೆಯಲ್ಲಿ ಎಲ್ಲರ ಕಣ್ಣು ನನ್ನ ಮೇಲೆ. ಹಕೀಮ ಮೊಮ್ಮಗ ಏನಾದರೂ ಮಾಡಲೇಬೇಕಲ್ಲ! ಖಮೀರಾವನ್ನು ಅರ್ಕ್-ಎ-ಗುಲಾಬ್‌ನಲ್ಲಿ ಕದಡಿ, ಚಾಚಿ ತಲೆ ಎತ್ತಿ ಹಿಡಿದಿರುವಾಗ, ನನ್ನ ಕೈಯಿಂದಲೇ ಕುಡಿಸಿದೆ. ಹೃದಯಕ್ಕೆ ಬಲ ಬರಲಿ ಎಂಬುದೇ ನನ್ನ ಉದ್ದೇಶವಾಗಿತ್ತು. ರಾತ್ರಿಯೇ ಎದೆಯಲ್ಲಿ ಸದ್ದು ಶುರುವಾಯಿತು, ಮೈ ಕೆಂಡದಂತಾಯಿತು. ಮೂರು ದಿನ ಅವರು ಉಸಿರಿಗಾಗಿ ಒದ್ದಾಡಿದರು. ಆಯುಷ್ಯ ಅಲ್ಲಾಹನ ಕೈಯಲ್ಲಿದೆ, ಅವರು ಹೇಗೂ ಹೊರಟು ನಿಂತಿದ್ದರು. ಆದರೆ ಆ ಮೂರು ದಿನಗಳನ್ನು ಅಷ್ಟು ಕಷ್ಟದ್ದಾಗಿ ಮಾಡಿದ್ದು ನನ್ನ ಚಮಚ. ತಪ್ಪು ಖಮೀರಾದ್ದಲ್ಲ. ನುಂಗಲಾರದವರ ಬಾಯಿಗೆ ಹಾಕಿದರೆ ಹಾಲೂ ಅಷ್ಟೇ, ಝಮ್‌ಝಮ್ ನೀರೂ ಅಷ್ಟೇ.

"ಹಾಗಾದರೆ ಉಪವಾಸ ಕೆಡವುವುದೇ? ಬಾಯಾರಿ ಸಾಯಲು ಬಿಡುವುದೇ?" ಎಂದು ನೀವು ಕೇಳುತ್ತೀರಿ. ಕ್ಲಿನಿಕ್‌ನಲ್ಲಿ ಪ್ರತಿಯೊಬ್ಬ ಮಗಳೂ ಇದನ್ನೇ ಕೇಳುತ್ತಾಳೆ. ಕೊನೆಯ ದಿನಗಳಲ್ಲಿ ದೇಹಕ್ಕೆ ಆಹಾರವನ್ನು ಬಳಸಿಕೊಳ್ಳುವ ಶಕ್ತಿಯೇ ಕುಂದುತ್ತದೆ, ಹಸಿವು ತಾನಾಗಿ ಹೋಗುತ್ತದೆ. ತಿನ್ನದೆ ಇರುವುದರಿಂದ ಅವರು ಸಾಯುತ್ತಿಲ್ಲ. ಸಾವು ಹತ್ತಿರವಾಗಿರುವುದರಿಂದ ತಿನ್ನುತ್ತಿಲ್ಲ. ಬಾಯಿ ಒಣಗುವುದು ಹೆಚ್ಚಾಗಿ ಬಾಯಿಯಿಂದ ಉಸಿರಾಡುವುದರಿಂದ. ಅದಕ್ಕೆ ಪರಿಹಾರ ತುಂಬಾ ಸುಲಭ. ಶುದ್ಧ ಹತ್ತಿಯನ್ನೋ ಮೆತ್ತಗಿನ ಬಟ್ಟೆಯನ್ನೋ ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ತುಟಿ, ಒಸಡು, ನಾಲಿಗೆಯನ್ನು ಗಂಟೆಗೊಮ್ಮೆಯಾದರೂ ಒದ್ದೆ ಮಾಡಿ. ಆ ನೀರು ಝಮ್‌ಝಮ್ ಆಗಿರಲಿ, ಯಾರು ಬೇಡ ಅನ್ನುತ್ತಾರೆ? ತುಟಿಗೆ ತೆಳ್ಳಗೆ ವ್ಯಾಸಲಿನ್ ಸವರಿ. ಮರಣಶಯ್ಯೆಯಲ್ಲಿರುವವರ ತುಟಿಯನ್ನು ಹತ್ತಿಯಿಂದ ತೇವ ಮಾಡಬೇಕೆಂಬ ಮಾತು ನಮ್ಮ ಫಿಕ್ಹ್ ಗ್ರಂಥಗಳಲ್ಲಿಯೂ ಇದೆ. ರೋಗಿಗೆ ಬಲವಂತವಾಗಿ ತಿನ್ನಿಸಬಾರದೆಂಬ ಸೂಚನೆ ಹದೀಸ್ ಸಂಗ್ರಹಗಳಲ್ಲೂ ಸಿಗುತ್ತದೆ.

ಗೊರಗೊರ ಸದ್ದು ಕೇಳಿಸಿದರೆ ಗಾಬರಿಯಾಗಬೇಡಿ. ಗಂಟಲಲ್ಲಿ ನಿಂತ ಜೊಲ್ಲಿನ ಸದ್ದು ಅದು. ನಿಧಾನವಾಗಿ ಒಂದು ಮಗ್ಗುಲಿಗೆ ಹೊರಳಿಸಿ, ತಲೆ ಸ್ವಲ್ಪ ಎತ್ತರದಲ್ಲಿರಲಿ.

ಎಚ್ಚರವಿರುವ, ನುಂಗಬಲ್ಲ ರೋಗಿಗಳ ವಿಷಯ ಬೇರೆ. ಅವರಿಗೆ ಖಂಡಿತ ಕೊಡಿ, ಆದರೆ ಮಲಗಿಸಿಕೊಂಡು ಕೊಡಬೇಡಿ. ದಿಂಬು ಇಟ್ಟು ಕುಳ್ಳಿರಿಸಿ. ಗಲ್ಲ ತುಸು ಕೆಳಗಿರಲಿ. ಟೀ ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಡಿ, ಒಂದು ಗುಟುಕು ಇಳಿದ ಮೇಲೆಯೇ ಇನ್ನೊಂದು. ಕೆಮ್ಮು ಬಂದರೆ, ಮಾತಿನ ಸ್ವರ ಒದ್ದೆಯಾದಂತೆ ಕೇಳಿಸಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಊಟವಾದ ಮೇಲೂ ಅರ್ಧ ಗಂಟೆ ಮಲಗಿಸಬೇಡಿ.

ಸಾವಿನ ಹಾಸಿಗೆಯ ಮಾತಿನ ನಡುವೆ ತೊಟ್ಟಿಲಿನ ಮಾತು ವಿಚಿತ್ರವೆನಿಸಬಹುದು, ಆದರೆ ಇದೇ ಪ್ರೀತಿಯ ಕೈ ಅಲ್ಲಿಯೂ ಅವಸರ ಮಾಡುತ್ತದೆ. ಹುಟ್ಟಿದ ಮಗುವಿಗೆ ತಹ್ನೀಕ್ ಹೆಸರಲ್ಲಿ ಜೇನು ನೆಕ್ಕಿಸುವವರಿದ್ದಾರೆ. ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನು ಬೇಡವೇ ಬೇಡ. ಜೇನಿನಲ್ಲಿ ಬೊಟುಲಿಸಂ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ದೊಡ್ಡವರ ಕರುಳು ಅದನ್ನು ಅರಗಿಸಿಕೊಳ್ಳುತ್ತದೆ, ಎಳೆಗೂಸಿನ ಕರುಳಿಗೆ ಆ ಶಕ್ತಿ ಇಲ್ಲ. ಮನೆಯಲ್ಲಿ ಬಿಸಿ ಮಾಡಿದ ಮಾತ್ರಕ್ಕೆ ಅವು ಸಾಯುವುದಿಲ್ಲ. ಜೇನಿನಲ್ಲಿ ಶಿಫಾ ಇದೆ ಎಂದು ನಂಬುವವರಲ್ಲಿ ನಾನೂ ಒಬ್ಬ, ದಿನವೂ ಅದನ್ನು ಔಷಧಿಯಲ್ಲಿ ಬಳಸುವವನು. ಆದರೂ ಮಗುವಿಗೆ ಬರೆದುಕೊಡುವುದಿಲ್ಲ. ತಹ್ನೀಕ್ ಮೂಲತಃ ಖರ್ಜೂರದ್ದು. ಮಾಡುವುದಿದ್ದರೆ ಸಾಬೂನಿನಿಂದ ತೊಳೆದ ಬೆರಳಲ್ಲಿ ಮೆದು ಖರ್ಜೂರದ ಲೇಶಮಾತ್ರವನ್ನು ಅಂಗುಳಿಗೆ ಸವರಿ, ಚೂರು ಉಳಿಯದಿರಲಿ. ತಿಂಗಳು ತುಂಬದೆ ಹುಟ್ಟಿದ ಮಗುವಾದರೆ ಮಕ್ಕಳ ವೈದ್ಯರನ್ನು ಕೇಳದೆ ಏನನ್ನೂ ಬಾಯಿಗೆ ಹಾಕಬೇಡಿ. ಒಂದು ಗಂಟೆಯೊಳಗೆ ತಾಯಿಯ ಎದೆಹಾಲು ಸಿಕ್ಕಿದರೆ ಅದಕ್ಕಿಂತ ದೊಡ್ಡ ಘುಟ್ಟಿ ಇಲ್ಲ.

ಮತ್ತೆ ಹಿರಿಯರ ಕೋಣೆಗೆ ಬರೋಣ. ಏನೇನೋ ತಿನ್ನಿಸಲು ಅವಸರ ಮಾಡುವ ನಾವು, ನಿಜವಾಗಿ ಬೇಕಾದ ಒಂದು ಔಷಧಿಗೆ ಹೆದರುತ್ತೇವೆ. ಕ್ಯಾನ್ಸರ್ ನೋವಿಗೆ ವೈದ್ಯರು ಮಾರ್ಫಿನ್ ಬರೆದುಕೊಟ್ಟರೆ "ಅದು ನಶೆಯಲ್ಲವೇ, ಹರಾಮ್ ಅಲ್ಲವೇ, ಬೇಗ ಸಾಯಿಸುವುದಿಲ್ಲವೇ?" ಎಂದು ಚೀಟಿಯನ್ನು ಮಡಚಿಟ್ಟವರನ್ನು ಕಂಡಿದ್ದೇನೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಅದು ನೋವು ತಗ್ಗಿಸುತ್ತದೆ, ಸಾವನ್ನು ಹತ್ತಿರ ತರುವುದಿಲ್ಲ. ಅಫೀಮಿನಿಂದ ನೋವು ಶಮನ ಮಾಡುವುದು ಯುನಾನಿಗೂ ಹೊಸದಲ್ಲ, ಇಬ್ನ್ ಸೀನಾ ಕಾಲದಲ್ಲೇ ಅದು ಗೊತ್ತಿತ್ತು. ಧಾರ್ಮಿಕ ಸಂಶಯವಿದ್ದರೆ ನಿಮ್ಮ ಮಸೀದಿಯ ಆಲಿಮರನ್ನು ಕೇಳಿ, ಆದರೆ ಇವತ್ತೇ ಕೇಳಿ. ಮಾರ್ಫಿನ್ ಶುರುವಾದರೆ ಮಲಬದ್ಧತೆ ಬಂದೇ ಬರುತ್ತದೆ, ಅದಕ್ಕೂ ಔಷಧಿಯನ್ನು ಜೊತೆಯಲ್ಲೇ ಕೇಳಿ ಪಡೆಯಿರಿ. 2014ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದು ಮೊದಲಿಗಿಂತ ಸುಲಭವಾಗಿದೆ. ಬೆಂಗಳೂರಿನ ಕಿದ್ವಾಯಿಯಲ್ಲಿ ಈ ಆರೈಕೆ ಸಿಗುತ್ತದೆ. ಅದೇ ಊರಿನ ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಾರೆ.

ಜಮಾಅತ್‌ನ ಹಿರಿಯರಲ್ಲೂ ಒಂದು ಮಾತು. ನಮ್ಮ ಮಸೀದಿಗಳಲ್ಲಿ ಮಯ್ಯಿತ್‌ಗೆ ಗುಸ್ಲ್ ಮಾಡಿಸುವುದನ್ನು, ಕಫನ್ ಹೊದಿಸುವುದನ್ನು ಕಲಿಸುವ ಶಿಬಿರಗಳು ನಡೆಯುತ್ತವೆ. ಒಳ್ಳೆಯ ಕೆಲಸ. ಆದರೆ ಅದೇ ವ್ಯಕ್ತಿ ಜೀವಂತವಿರುವಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಸೊಂಟದ ಹಿಂಭಾಗದಲ್ಲೂ ಹಿಮ್ಮಡಿಯಲ್ಲೂ ಹುಣ್ಣಾಗುತ್ತದೆ ಎಂಬುದನ್ನು ಯಾರೂ ಕಲಿಸುವುದಿಲ್ಲ. ಪಕ್ಕದ ಕೇರಳವನ್ನು ನೋಡಿ. 1993ರಲ್ಲಿ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಸಣ್ಣ ನೋವು ಶಮನ ಕ್ಲಿನಿಕ್ ಶುರುವಾಯಿತು. ಈಗ ಮಲಪ್ಪುರಂನಂಥ ಜಿಲ್ಲೆಗಳಲ್ಲಿ ಊರಿನ ಸಾಮಾನ್ಯ ಜನರೇ ತರಬೇತಿ ಪಡೆದು ನರ್ಸ್ ಜೊತೆ ಮನೆ ಮನೆಗೆ ಹೋಗುತ್ತಾರೆ. ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳಿಗೆ ಅಲ್ಲಿ ನೆಂಟಸ್ತಿಕೆಯಿದೆ, ವಿಚಾರಿಸುವುದು ಕಷ್ಟವೇನಲ್ಲ.

ಇನ್ನು ನೋಡಲು ಬರುವವರಿಗೆ. ಬಂದಾಗ ಚಮಚ ಹುಡುಕಬೇಡಿ. ಕೈ ಹಿಡಿದು ಕುಳಿತುಕೊಳ್ಳಿ. ಅವರಿಗೆ ಕೇಳಿಸುತ್ತಿದೆ ಎಂದೇ ಭಾವಿಸಿ ಮಾತಾಡಿ. ಆಸ್ತಿಯ ಲೆಕ್ಕ, ಆಸ್ಪತ್ರೆಯ ಬಿಲ್ಲು ಆ ಕೋಣೆಯಲ್ಲಿ ಬೇಡ. ಕಲಿಮಾವನ್ನು ಮೆತ್ತಗೆ ಕೇಳಿಸಿ, "ಹೇಳಿ, ಹೇಳಿ" ಎಂದು ಒತ್ತಾಯ ಮಾಡಬೇಡಿ. ಹೊರಡುವಾಗ ಹಗಲಿರುಳು ನೋಡಿಕೊಳ್ಳುತ್ತಿರುವ ಆ ಮನೆಯ ಸೊಸೆಯನ್ನೋ ಮಗಳನ್ನೋ ಕರೆದು, "ನೀನು ಎರಡು ಗಂಟೆ ಮಲಗಮ್ಮಾ, ಅಲ್ಲಿಯವರೆಗೆ ನಾನಿರುತ್ತೇನೆ" ಎನ್ನಿ.