ಯೋಗವೊಂದೇ ಸಾಕೆ?

ಯೋಗಕ್ಷೇಮವೆಂಬ ಪದವು ಕನ್ನಡಿಗರ ಕಾಗದಗಳ ಮೊದಲನೆಯ ಸಾಲಿನಲ್ಲಿ ಬಹುಕಾಲ ಚಲಾವಣೆಯಲ್ಲಿದ್ದು, ಸವೆದ ನಾಣ್ಯದಂತೆ ತನ್ನ ಮುದ್ರೆಯನ್ನು ಕಳೆದುಕೊಂಡಿರುವುದು. ಅದರಲ್ಲಿ ಎರಡು ಬೇರೆಬೇರೆ ಅರ್ಥಗಳು ಅಡಗಿವೆಯೆಂಬುದನ್ನು ಪಾಠಶಾಲೆಯ ಮೆಟ್ಟಿಲು ಹತ್ತಿದ ಬಾಲಕನೂ ಬಲ್ಲನು. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಈಗಿನ ಕಾಲದಲ್ಲಿ ಯೋಗಕ್ಕೆ ಸಹಾಯಕರು ಬಹುಮಂದಿ. ಸಾಲ ಕೊಡುವವರಿದ್ದಾರೆ, ಜಾಹೀರಾತು ಹಾಕುವವರಿದ್ದಾರೆ, ಹಳೆಯದನ್ನು ತೆಗೆದುಕೊಂಡು ಹೊಸದನ್ನು ಕೈಗಿಡುವವರೂ ಇದ್ದಾರೆ. ಕ್ಷೇಮದ ಮಾತೆತ್ತಿದಲ್ಲಿ ಮಾತ್ರ ಎಲ್ಲರಿಗೂ ಬೇರೆ ಕೆಲಸ ನೆನಪಾಗುತ್ತದೆ. ಈ ವಿಪರ್ಯಾಸವು ಎಷ್ಟು ದೂರ ಹೋಗಿದೆಯೆಂಬುದನ್ನು ತಿಳಿಯಬೇಕಾದರೆ, ದೂರಪ್ರಯಾಣಕ್ಕೆಂದು ನಿರ್ಮಿತವಾದ ಹಳೆಯ ಜೋಡಿ ಸಿಲಿಂಡರಿನ ಮೋಟಾರು ಸೈಕಲ್ಲಿನ ವಿಷಯವನ್ನು ವಿಚಾರಿಸಿದರೆ ಸಾಕು.

ಜರ್ಮನಿಯ ಬಿ.ಎಂ.ಡಬ್ಲ್ಯು. ಕಾರ್ಖಾನೆಯ ವಾಹನವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಮ್ಯಾಕ್ಸ್ ಫ್ರಿಟ್ಸ್ ಎಂಬ ಶಿಲ್ಪಿಯು ೧೯೨೩ರಲ್ಲಿ ಆರ್. ೩೨ ಎಂಬ ಮೊದಲ ವಾಹನವನ್ನು ರಚಿಸಿದಾಗ, ಎರಡು ಸಿಲಿಂಡರುಗಳನ್ನು ಎಡಕ್ಕೊಂದು ಬಲಕ್ಕೊಂದು ಚಾಚಿದ ತೋಳುಗಳಂತೆ ಇಟ್ಟನು. ಗಾಳಿ ನೇರವಾಗಿ ತಗಲಿ ಅವು ತಣ್ಣಗಾಗಲೆಂಬುದು ಅವನ ಆಶಯ. ಹಿಂದಿನ ಗಾಲಿಗೆ ಸರಪಳಿಯ ಬದಲು ಶಾಫ್ಟಿನಿಂದ ಚಲನೆಯನ್ನು ಒಯ್ದನು. ೧೯೬೯ರಲ್ಲಿ ಬರ್ಲಿನ್ನಿನ ಸ್ಪಾಂಡಾವಿನಿಂದ ಹೊಸ ಸಂತತಿಯೊಂದು ಹೊರಟಾಗಲೂ ಈ ಎರಡು ಲಕ್ಷಣಗಳು ಬದಲಾಗಲಿಲ್ಲ. ೧೯೭೬ರಲ್ಲಿ ಸವಾರನನ್ನು ಗಾಳಿಯ ಹೊಡೆತದಿಂದ ಮರೆಮಾಡುವ ದೊಡ್ಡ ಹೊದಿಕೆಯುಳ್ಳ ಆರ್. ೧೦೦ ಆರ್.ಎಸ್. ಬಂದಿತು, ೧೯೭೮ರಲ್ಲಿ ಪ್ರವಾಸಿಗಳಿಗಾಗಿಯೇ ಆರ್.ಟಿ. ಎಂಬುದು ಬಂದಿತು. ಗಾಳಿಯಿಂದ ತಣಿಯುವ ಈ ವಂಶವು ೧೯೯೬ರಲ್ಲಿ ಮುಗಿಯಿತು. ಅಂದರೆ ಇದರಲ್ಲಿ ಅತ್ಯಂತ ಕಿರಿಯದಕ್ಕೂ ಈಗ ಮೂವತ್ತರ ಆಸುಪಾಸು. ಆದರೂ ಯೂರೋಪಿನ ಘಟ್ಟಗಳನ್ನು ಏರಿಳಿಯುತ್ತ ಇವು ಇಂದಿಗೂ ಓಡುತ್ತಿವೆ.

ಇಂತಹ ವಾಹನವನ್ನು ಇಟ್ಟುಕೊಂಡವನ ವಿರುದ್ಧ ಇಬ್ಬರು ಪೂರ್ವಪಕ್ಷಿಗಳು ಎದ್ದು ನಿಲ್ಲುತ್ತಾರೆ. ವಿಚಿತ್ರವೇನೆಂದರೆ ಒಬ್ಬನು ಅದನ್ನು ಒಡೆಯಬೇಕೆನ್ನುವವನು, ಇನ್ನೊಬ್ಬನು ಅದನ್ನು ಪೂಜಿಸಬೇಕೆನ್ನುವವನು. ಇಬ್ಬರೂ ಅದು ಓಡಬಾರದೆಂಬಲ್ಲಿ ಒಂದಾಗುತ್ತಾರೆ.

ಮೊದಲನೆಯವನ ವಾದವು ಸರಳವಾದುದು. ಹಳೆಯದು ಹೊಗೆಯುಗುಳುವುದು, ಬ್ರೇಕು ಸಾಲದು, ಬಿಡಿಭಾಗ ದೊರೆಯದು. ಆದುದರಿಂದ ಹದಿನೈದು ವರ್ಷ ತುಂಬಿದೊಡನೆ ಗುಜರಿಗೆ ಹಾಕತಕ್ಕದ್ದು. ಹಳೆಯದೆಂಬ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲವೆಂದು ಕಾಳಿದಾಸನೇ ಹೇಳಿಲ್ಲವೇ ಎಂದು ಅವನು ಸಂಸ್ಕೃತದ ಸಹಾಯವನ್ನೂ ಪಡೆಯುವುದುಂಟು. ಕಾಳಿದಾಸನು ಹೇಳಿರುವುದು ನಿಜ. ಆದರೆ ಮಾಳವಿಕಾಗ್ನಿಮಿತ್ರದ ಆ ಶ್ಲೋಕವು ಅಲ್ಲಿಗೆ ಮುಗಿಯುವುದಿಲ್ಲ. ಬಲ್ಲವರು ಪರೀಕ್ಷೆ ಮಾಡಿ ಆರಿಸಿಕೊಳ್ಳುತ್ತಾರೆಂಬುದೇ ಅದರ ಜೀವಾಳ. ಅರ್ಧ ಶ್ಲೋಕವನ್ನು ಕಂಠಪಾಠ ಮಾಡಿ ವಾದಕ್ಕಿಳಿಯುವವರು ಪರೀಕ್ಷೆಯೆಂಬ ಪದವನ್ನೇ ನುಂಗಿಬಿಡುತ್ತಾರೆ.

ಇಡೀ ವಿವಾದವು ನಿಂತಿರುವುದು ಆ ಪದದ ಮೇಲೆಯೇ. ೧೯೮೮ರ ಮೋಟಾರು ವಾಹನ ಕಾಯಿದೆಯು ಸ್ವಂತ ವಾಹನದ ನೋಂದಣಿಗೆ ಹದಿನೈದು ವರ್ಷಗಳ ಅವಧಿಯನ್ನಿಟ್ಟು, ಆಮೇಲೆ ತಪಾಸಣೆಯಲ್ಲಿ ತೇರ್ಗಡೆಯಾದುದಕ್ಕೆ ಐದೈದು ವರ್ಷಗಳ ಮುಂದುವರಿಕೆಯನ್ನು ಕೊಟ್ಟಿದೆ. ಇದು ವಿವೇಕದ ಮಾರ್ಗ. ವಯಸ್ಸನ್ನು ಕೇಳಿ, ಬಳಿಕ ಮೈಯನ್ನು ಮುಟ್ಟಿ ನೋಡುವ ವೈದ್ಯನ ಮಾರ್ಗ. ದೆಹಲಿಯ ಸುತ್ತಿನಲ್ಲಿ ಮಾತ್ರ ಪೆಟ್ರೋಲಿನದಕ್ಕೆ ಹದಿನೈದು, ಡೀಸೆಲಿನದಕ್ಕೆ ಹತ್ತು ಎಂದು ಬರಿಯ ವಯಸ್ಸನ್ನೇ ಅಪರಾಧವೆಂದೆಣಿಸುವ ಆಜ್ಞೆಯು ಹೊರಟಿತು. ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದಕ್ಕೆ ಸಮ್ಮತಿಯನ್ನಿತ್ತಿತು. ಆ ನಗರದ ಗಾಳಿಯ ದುರವಸ್ಥೆಯನ್ನು ಬಲ್ಲವರು ಆಜ್ಞೆಯ ಉದ್ದೇಶವನ್ನು ಹಳಿಯಲಾರರು. ಆದರೆ ಎಣ್ಣೆ ಕುಡಿದು ನೀಲಿಹೊಗೆ ಬಿಡುವ ಹತ್ತು ವರ್ಷದ ವಾಹನವು ಓಡಬಹುದು, ತುಂಬ ಒಪ್ಪವಾಗಿ ಇಟ್ಟುಕೊಂಡ ಹದಿನಾರು ವರ್ಷದ್ದು ಓಡಕೂಡದು ಎಂಬ ನಿರ್ಣಯವನ್ನು ನ್ಯಾಯವೆನ್ನುವುದು ಹೇಗೆ?

ಹಳೆಯ ಯಂತ್ರದಲ್ಲಿ ದೋಷವೇ ಇಲ್ಲವೆಂದು ವಾದಿಸುವುದು ಮೂರ್ಖತನ. ಕಾರ್ಬುರೇಟರಿನಿಂದ ಉಸಿರಾಡುವ ಸಿಲಿಂಡರು ಈಗಿನ ಯಂತ್ರದಷ್ಟು ಶುದ್ಧವಾಗಿ ಉರಿಸಲಾರದು. ಅದರ ಬ್ರೇಕಿನ ಮೇಲೆ ಈಗಿನವರು ಇಡುವ ಭರವಸೆಯನ್ನು ಇಡಲಾಗದು. ಕಿಕ್ಕಿರಿದ ಪೇಟೆಯಲ್ಲಿ ನಿತ್ಯವೂ ಕಚೇರಿಗೆ ಹೋಗಿಬರಲು ಇದನ್ನು ಬಳಸುವವನಿಗೆ ಛೀಮಾರಿ ಹಾಕಿದರೂ ತಪ್ಪಿಲ್ಲ. ಇಷ್ಟನ್ನು ಒಪ್ಪಿದ ಮೇಲೂ ಗುಜರಿಯ ವಾದವು ಗೆಲ್ಲುವುದಿಲ್ಲ. ಒಂದು ಯಂತ್ರವನ್ನು ಕರಗಿಸಿ ಇನ್ನೊಂದನ್ನು ಎರಕಹೊಯ್ಯುವಲ್ಲಿ ಉರಿಯುವ ಕಲ್ಲಿದ್ದಲಿನ ಹೊಗೆಯು ಹೊಸ ವಾಹನದ ಲೆಕ್ಕಕ್ಕೆ ಏಕೆ ಬರೆಯಲ್ಪಡುವುದಿಲ್ಲ?

ಎರಡನೆಯ ಪೂರ್ವಪಕ್ಷಿಯು ಹೆಚ್ಚು ಅಪಾಯಕಾರಿ. ಏಕೆಂದರೆ ಅವನು ಮಿತ್ರನ ವೇಷದಲ್ಲಿ ಬರುತ್ತಾನೆ. ಹಣವುಳ್ಳವನು ಹಳೆಯ ವಾಹನವನ್ನು ಕೊಂಡು, ಬಣ್ಣ ಬಳಿಸಿ, ಕ್ರೋಮು ಹಚ್ಚಿಸಿ, ದಿವಾನಖಾನೆಯಲ್ಲಿ ನಿಲ್ಲಿಸುತ್ತಾನೆ. ಬಂದವರಿಗೆಲ್ಲ ಅದರ ವಂಶಾವಳಿಯನ್ನು ಒಪ್ಪಿಸುತ್ತಾನೆ. ಅದರೊಳಗಿನ ಎಣ್ಣೆಯನ್ನು ಎಂದು ಬದಲಾಯಿಸಿದೆಯೆಂದು ಕೇಳಿದರೆ ಮಾತ್ರ ಮುಖ ಹುಳ್ಳಗಾಗುವುದು. ನಿಂತ ಯಂತ್ರವು ಕೆಡುತ್ತದೆ. ಕಾರ್ಬುರೇಟರಿನ ಬಟ್ಟಲಿನಲ್ಲಿ ಪೆಟ್ರೋಲು ಆರಿ ಅಂಟಾಗುವುದು, ರಬ್ಬರು ಒಣಗಿ ಬಿರಿಯುವುದು, ಬ್ಯಾಟರಿ ಸಾಯುವುದು, ತೇವವು ಸಿಲಿಂಡರಿನ ಒಳಗೋಡೆಯನ್ನು ತುಕ್ಕಿನಿಂದ ಕೊರೆಯುವುದು. ಇವನದು ಯೋಗವೇ ಹೊರತು ಕ್ಷೇಮವಲ್ಲ.

ಈ ದೇಶದ ಕಾನೂನು ಕೂಡ ಇತ್ತೀಚೆಗೆ ಇವನ ಪಕ್ಷವನ್ನೇ ಹಿಡಿದಿರುವುದು ಶೋಚನೀಯ. ೨೦೨೧ರ ನಿಯಮಗಳಂತೆ ಐವತ್ತು ವರ್ಷ ಕಳೆದು ಮೂಲಸ್ವರೂಪದಲ್ಲೇ ಉಳಿದ ವಾಹನಕ್ಕೆ ವಿ.ಎ. ಎಂಬ ಅಕ್ಷರಗಳುಳ್ಳ ವಿಶೇಷ ಫಲಕದ ಗೌರವ ದೊರೆಯುವುದು. ಆ ಗೌರವವನ್ನು ಸ್ವೀಕರಿಸಿದ ವಾಹನವು ಪ್ರದರ್ಶನ, ಮೆರವಣಿಗೆ, ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಇಂತಹ ಕಾರ್ಯಗಳಿಗೆ ಹೊರತು ಬೀದಿಗಿಳಿಯಕೂಡದು. ವೃದ್ಧನಿಗೆ ಶಾಲು ಹೊದಿಸಿ, ಇನ್ನು ಮೇಲೆ ಮಾತನಾಡಬೇಡವೆಂದು ಕೂರಿಸಿದಂತಾಯಿತು. ಜರ್ಮನಿಯವರು ೧೯೯೭ರಲ್ಲಿ ಮಾಡಿದ ಏರ್ಪಾಡು ಬೇರೆ. ಅಲ್ಲಿ ಮೂವತ್ತು ವರ್ಷ ದಾಟಿದ, ಒಳ್ಳೆಯ ಸ್ಥಿತಿಯಲ್ಲಿರುವ, ಮೂಲರೂಪ ಕೆಡದ ವಾಹನವನ್ನು ಪರೀಕ್ಷಕನು ನೋಡಿ ಒಪ್ಪಿದರೆ ಫಲಕದ ಕೊನೆಗೆ ಎಚ್. ಅಕ್ಷರವನ್ನು ಸೇರಿಸುತ್ತಾರೆ. ತೆರಿಗೆಯನ್ನೂ ಒಂದೇ ದರಕ್ಕಿಳಿಸುತ್ತಾರೆ. ಅದು ವರ್ಷದ ಎಲ್ಲ ದಿನವೂ ರಸ್ತೆಯಲ್ಲಿ ಓಡಬಹುದು. ಆದರೆ ಎರಡು ವರ್ಷಕ್ಕೊಮ್ಮೆ ತಪಾಸಣೆಯು ತಪ್ಪದು. ಅಲ್ಲಿ ಗೌರವವು ಕ್ಷೇಮಕ್ಕೆ ಸಲ್ಲುತ್ತದೆ. ಇಲ್ಲಿ ಬರಿಯ ಪ್ರಾಯಕ್ಕೆ.

ಕ್ಷೇಮವೆಂದರೇನೆಂಬುದನ್ನು ಕೊಂಚ ವಿಸ್ತರಿಸಿಯೇ ಹೇಳಬೇಕಾಗಿದೆ. ಏಕೆಂದರೆ ಅದನ್ನು ಒರೆಸುವುದು, ಮಿರುಗಿಸುವುದು ಎಂದು ತಿಳಿದವರೇ ಹೆಚ್ಚು. ಮೇಲೆ ಹೇಳಿದ ಜರ್ಮನಿಯ ವಾಹನದ ಸಿಲಿಂಡರುಗಳು ಹೊರಚಾಚಿಕೊಂಡಿರುವುದರಿಂದ, ಪೆಟ್ರೋಲ್ ಟ್ಯಾಂಕನ್ನು ಮುಟ್ಟದೆಯೇ ವಾಲ್ವುಗಳ ಮುಚ್ಚಳವನ್ನು ಬಿಚ್ಚಬಹುದು. ಯಂತ್ರವು ಪೂರ್ಣ ತಣ್ಣಗಿರಬೇಕು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಮೇಲಿನ ಗೇರಿನಲ್ಲಿ ಹಿಂದಿನ ಗಾಲಿಯನ್ನು ಕೈಯಿಂದ ತಿರುಗಿಸುತ್ತ, ಎಡಮಗ್ಗುಲಿನ ಚಿಕ್ಕ ಕಿಂಡಿಯಲ್ಲಿ ಗುರುತು ಕಾಣುವವರೆಗೆ ಪಿಸ್ಟನ್ನನ್ನು ತುದಿಗೇರಿಸಬೇಕು. ಆಗ ಒಳಸೇರುವ ವಾಲ್ವಿಗೆ ಒಂದು ಮಿಲಿಮೀಟರಿನ ಹತ್ತರಲ್ಲೊಂದು, ಹೊರಹಾಕುವ ವಾಲ್ವಿಗೆ ಹತ್ತರಲ್ಲೆರಡು ಪಾಲು ತೆರಪು ಇದೆಯೇ ಎಂದು ತೆಳುತಗಡಿನ ಅಳತೆಗೋಲಿನಿಂದ ನೋಡಬೇಕು. ಆ ಗೋಲು ಎಡೆಯಲ್ಲಿ ಸರಿಯುವಾಗ ಬೆಣ್ಣೆಯಲ್ಲಿ ಎಳೆದಂತಹ ಸಣ್ಣ ಹಿಡಿತವೊಂದು ಬೆರಳಿಗೆ ಗೊತ್ತಾಗುವುದು. ಅದನ್ನು ಗ್ರಂಥದಿಂದ ಕಲಿಯಲಾಗದು.

ಇಲ್ಲಿ ಹೊಸಬರು ಮಾಡುವ ತಪ್ಪೊಂದುಂಟು. ಟಕಟಕ ಸದ್ದು ಕೇಳಿ ಹೆದರಿ ತೆರಪನ್ನು ಬಿಗಿಮಾಡುತ್ತಾರೆ. ಸದ್ದೇನೋ ಅಡಗುತ್ತದೆ. ಆದರೆ ಬಿಗಿಯಾದ ವಾಲ್ವು ತನ್ನ ಪೀಠದ ಮೇಲೆ ಪೂರ್ತಿ ಕೂರದೆ, ತನ್ನ ಬಿಸಿಯನ್ನು ಅದಕ್ಕೆ ಇಳಿಸಲಾರದೆ ಸುಟ್ಟುಹೋಗುವುದು. ಸಣ್ಣಗೆ ಗೊಣಗುವ ವಾಲ್ವು ಆರೋಗ್ಯವಂತ, ಮೌನಿಯಾದುದನ್ನು ಸಂಶಯಿಸಬೇಕು.

ಇನ್ನೊಂದು ಉದಾಹರಣೆ. ಎಣ್ಣೆಯ ಫಿಲ್ಟರಿನ ಬಾಯಲ್ಲಿ ರಬ್ಬರಿನ ಸಣ್ಣ ಬಳೆಯೊಂದಿದೆ. ಅದರ ಬೆಲೆ ಲೆಕ್ಕಕ್ಕೆ ಬಾರದಷ್ಟು ಅಲ್ಪ. ಅದನ್ನು ಮರೆತರೆ ಅಥವಾ ಅದು ಸಾಕಷ್ಟು ಒತ್ತಿಕೊಳ್ಳದಿದ್ದರೆ, ಹೊರಗೆ ಒಂದು ತೊಟ್ಟೂ ಸೋರದೆ, ಎಣ್ಣೆಯ ಒತ್ತಡವೆಲ್ಲ ಒಳಗೊಳಗೇ ತಳದ ತೊಟ್ಟಿಗೆ ಜಾರಿ, ಬೇರಿಂಗುಗಳು ಬಾಯಾರಿ ಸವೆಯುತ್ತವೆ. ಅಮೆರಿಕದ ಸವಾರರು ಅದಕ್ಕೆ ಎರಡು ಸಾವಿರ ಡಾಲರಿನ ಬಳೆಯೆಂದು ಹೆಸರಿಟ್ಟಿದ್ದಾರೆ. ಬಳೆಯ ಬೆಲೆಯಲ್ಲ, ಅದನ್ನು ಅಲಕ್ಷಿಸಿದವನು ತೆರುವ ದಂಡ ಅದು. ಹಾಗೆಯೇ ಮುಂದಿನ ಮುಚ್ಚಳವನ್ನು ಬಿಚ್ಚುವ ಮೊದಲು ಬ್ಯಾಟರಿಯ ಋಣತಂತಿಯನ್ನು ಕಳಚದಿದ್ದರೆ ಒಳಗಿನ ಡಯೋಡುಗಳ ಹಲಗೆಯು ಕ್ಷಣಮಾತ್ರದಲ್ಲಿ ಸುಡುತ್ತದೆ. ಕೆಲವು ವರ್ಷಗಳಿಗೊಮ್ಮೆ ಗೇರ್ ಬಾಕ್ಸನ್ನು ಬೆರಳಷ್ಟು ಹಿಂದಕ್ಕೆ ಸರಿಸಿ, ಕ್ಲಚ್ಚಿನೊಡನೆ ಕೂಡುವ ಶಾಫ್ಟಿನ ಹಲ್ಲುಗಳಿಗೆ ಗ್ರೀಸು ಹಚ್ಚದಿದ್ದರೆ ಆ ಹಲ್ಲುಗಳು ಒಣಗಿ ಸವೆದು, ದೊಡ್ಡ ಖರ್ಚು ಬಂದೊದಗುತ್ತದೆ. ಎರಡು ಕಾರ್ಬುರೇಟರುಗಳನ್ನು ಸಮನಾಗಿ ಹೊಂದಿಸುವುದಂತೂ ಜೋಡೆತ್ತುಗಳನ್ನು ನೊಗಕ್ಕೆ ಪಳಗಿಸಿದಂತೆ. ಒಂದು ಮುಂದೆಳೆದು ಇನ್ನೊಂದು ಹಿಂದುಳಿದರೆ ಗಾಡಿಯೆಲ್ಲ ನಡುಗುವುದು.

ಇವು ಮಿಸ್ತ್ರಿಯ ಮಾತುಗಳು, ಸಾಹಿತ್ಯಪತ್ರಿಕೆಗೆ ಸಲ್ಲುವವಲ್ಲ ಎಂದು ಮೂಗು ಮುರಿಯುವವರು ಇರಬಹುದು. ರಾಬರ್ಟ್ ಪಿರ್ಸಿಗ್ ಎಂಬ ಅಮೆರಿಕದ ಲೇಖಕನು ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರವನ್ನು ಓದಿದವನು. ೧೯೬೮ರಲ್ಲಿ ಅವನು ತನ್ನ ಮಗನನ್ನು ಹಿಂದೆ ಕೂರಿಸಿಕೊಂಡು, ಜೋಡಿ ಸಿಲಿಂಡರಿನ ೩೦೫ ಸಿ.ಸಿ. ಹೋಂಡಾದ ಮೇಲೆ ಮಿನೆಸೋಟದಿಂದ ಕ್ಯಾಲಿಫೋರ್ನಿಯಕ್ಕೆ ಹೋದನು. ೧೯೭೪ರಲ್ಲಿ ಆ ಪ್ರಯಾಣದಿಂದ ಹುಟ್ಟಿದ ಗ್ರಂಥವು ಮೋಟಾರು ಸೈಕಲ್ಲಿನ ದುರಸ್ತಿಯನ್ನು ಶಿರೋನಾಮೆಯಲ್ಲಿಯೇ ಇಟ್ಟುಕೊಂಡು ಲೋಕಪ್ರಸಿದ್ಧವಾಯಿತು. ಅದರಲ್ಲಿ ಒಂದು ಪ್ರಸಂಗ ಬರುತ್ತದೆ. ಜೊತೆಗಾರನ ಬಿ.ಎಂ.ಡಬ್ಲ್ಯು. ವಾಹನದ ಹ್ಯಾಂಡಲ್ಲು ಸಡಿಲವಾಗಿರುತ್ತದೆ. ಬಿಯರಿನ ಖಾಲಿ ಡಬ್ಬಿಯ ತಗಡನ್ನು ಕತ್ತರಿಸಿ ಸಂದಿಗೆ ತುರುಕಿದರೆ ಸರಿಹೋಗುವುದೆಂದು ನಿರೂಪಕನು ಹೇಳುತ್ತಾನೆ. ತಗಡೋ ಅಲ್ಯೂಮಿನಿಯಮ್ಮು, ಮೃದು, ತುಕ್ಕು ಹಿಡಿಯದು, ಕೆಲಸಕ್ಕೆ ಹೇಳಿಮಾಡಿಸಿದಂಥದು. ಆದರೆ ಒಡೆಯನಿಗೆ ಅವಮಾನವಾಗುತ್ತದೆ. ಇಷ್ಟು ಬೆಲೆಬಾಳುವ ವಾಹನಕ್ಕೆ ಡಬ್ಬಿಯ ಚೂರೇ? ಈ ಒಡೆಯನೇ ಎರಡನೆಯ ಪೂರ್ವಪಕ್ಷಿಯ ಮೂಲಪುರುಷನು. ಅವನು ಹೆಸರನ್ನು ಕೊಂಡಿದ್ದಾನೆ, ಯಂತ್ರವನ್ನಲ್ಲ.

ಪಿರ್ಸಿಗ್ಗನು ೨೦೧೭ರಲ್ಲಿ ತೀರಿಕೊಂಡನು. ಅವನ ಹೋಂಡಾ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯದ ಸೊತ್ತು. ಅಂತಹ ಒಂದೆರಡಕ್ಕೆ ಅದು ತಕ್ಕ ಸ್ಥಳವೇ ಸರಿ. ಊರೂರಿನ ದಿವಾನಖಾನೆಗಳು ಅದನ್ನು ಅನುಕರಿಸುವ ಕಾರಣವಿಲ್ಲ.

ಇಷ್ಟೆಲ್ಲ ಜರ್ಮನಿ, ಅಮೆರಿಕಗಳ ಮಾತಾಯಿತು, ಇಲ್ಲಿಗೇನು ಸಂಬಂಧವೆಂದರೆ, ಮೈಸೂರನ್ನು ನೆನೆಯಬೇಕು. ಜಾವಾ ಎಂಬ ಹೆಸರಿನಿಂದಲೂ ಬಳಿಕ ಯೆಜ್ದಿ ಎಂಬ ಹೆಸರಿನಿಂದಲೂ ಮೋಟಾರು ಸೈಕಲ್ಲುಗಳನ್ನು ೧೯೬೧ರಿಂದ ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆಯು ೧೯೯೬ರಲ್ಲಿ ಬಾಗಿಲು ಹಾಕಿತು. (ಅದರ ಎರಡು ಹೊಗೆಕೊಳವೆಗಳನ್ನು ಕಂಡು ಎರಡು ಸಿಲಿಂಡರೆಂದು ಭ್ರಮಿಸಿದವರು ಎಷ್ಟೋ ಮಂದಿ, ಮನೆಮನೆಯ ೨೫೦ ಸಿ.ಸಿ. ಯೆಜ್ದಿಗೆ ಸಿಲಿಂಡರು ಒಂದೇ.) ಜರ್ಮನಿಯ ಕಾರ್ಖಾನೆಯು ಹಳೆಯ ವಾಹನಗಳ ಬಿಡಿಭಾಗಗಳಿಗಾಗಿ ಪ್ರತ್ಯೇಕ ವಿಭಾಗವನ್ನೇ ಇಟ್ಟಿದೆ. ಮೈಸೂರಿನ ವಾಹನಕ್ಕೆ ತಾಯಿಯೇ ಇಲ್ಲದೆಹೋಯಿತು. ಆದರೂ ಅದು ಇಂದಿಗೂ ಮೈಸೂರು ಬೆಂಗಳೂರುಗಳ ಬೀದಿಯಲ್ಲಿ ಸದ್ದುಮಾಡುತ್ತಿರುವುದು ಯಾವ ಸರಕಾರದ ಕೃಪೆಯಿಂದಲೂ ಅಲ್ಲ. ಸಣ್ಣ ಗ್ಯಾರೇಜುಗಳ ಮಿಸ್ತ್ರಿಗಳು, ಇಲ್ಲದ ಭಾಗವನ್ನು ಲೇತಿನಲ್ಲಿ ಕಡೆದು, ಇದ್ದುದನ್ನು ತಿದ್ದಿ, ಅದಕ್ಕೆ ಸಾಕುತಾಯಿಗಳಾದುದರಿಂದ. ಗುಜರಿಯ ಪಕ್ಷದವರು ಬಿಡಿಭಾಗ ದೊರೆಯದೆಂದು ಹೇಳುವ ಮೊದಲು ಆ ಗ್ಯಾರೇಜುಗಳಿಗೆ ಹೋಗಿಬರಲಿ.

ಕಾರ್ಖಾನೆ ಮುಚ್ಚಿದಾಗ ಮೂವತ್ತರ ಹರೆಯದಲ್ಲಿದ್ದ ಮಿಸ್ತ್ರಿಯು ಈಗ ಅರುವತ್ತನ್ನು ತಲುಪಿದ್ದಾನೆ. ಅವನ ವಿದ್ಯೆಯು ಬೆರಳುಗಳಲ್ಲಿದೆ, ಕಾಗದದ ಮೇಲಿಲ್ಲ. ತಾಳೆಯೋಲೆಗಳು ಗೆದ್ದಲು ಹಿಡಿದವೆಂದು ಸಭೆಗಳಲ್ಲಿ ಕಣ್ಣೀರಿಡುವ ವಿದ್ವಾಂಸರು ಈ ಜೀವಂತ ಓಲೆಗಳ ಕಡೆಗೂ ತಿರುಗಿ ನೋಡತಕ್ಕದ್ದು. ಜಿಲ್ಲೆಯ ಸಂಘಗಳೂ ಪಾಲಿಟೆಕ್ನಿಕ್ಕುಗಳೂ ಕೂಡಿ, ಒಬ್ಬೊಬ್ಬ ಹಿರಿಯ ಮಿಸ್ತ್ರಿಯ ಪಕ್ಕದಲ್ಲಿ ಬರೆಯಬಲ್ಲ ಹುಡುಗನೊಬ್ಬನನ್ನು ಆರು ತಿಂಗಳು ಕೂರಿಸಿ, ಅವನು ಮಾಡುವುದನ್ನು ಅವನ ಮಾತಿನಲ್ಲೇ, ಅವನು ಬಳಸುವ ಹೆಸರುಗಳಲ್ಲೇ ಬರೆಯಿಸಲಿ. ಸರಕಾರವು ೨೦೨೧ರ ನಿಯಮವನ್ನು ತಿದ್ದಿ, ತಪಾಸಣೆಯಲ್ಲಿ ಗೆದ್ದ ಹಳೆಯ ವಾಹನಕ್ಕೆ ಭಾನುವಾರದ ಮಟ್ಟಿಗಾದರೂ ರಸ್ತೆಯನ್ನು ಬಿಟ್ಟುಕೊಡಲಿ. ಹಾಗೆ ಬಿಟ್ಟುಕೊಟ್ಟ ಮೇಲೆ ಎಷ್ಟು ದಿವಾನಖಾನೆಗಳ ವಾಹನಗಳು ಮೊದಲನೆಯ ಒದೆತಕ್ಕೆ ಚಾಲೂ ಆಗುತ್ತವೆಯೋ ನೋಡೋಣ.