ಉಂಡು ಮಲಗಿದರೂ ಮುಗಿಯದ ಜಗಳ

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಎಂಬ ಗಾದೆ ಯಾರಿಗೆ ಗೊತ್ತಿಲ್ಲ ಹೇಳಿ? ಗಾದೆ ಸುಳ್ಳಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು, ತವರಲ್ಲಿ ನಾಲ್ಕು ದಿನ ಹೆಚ್ಚು ಕುಳಿತಳು ಎನ್ನುವಂಥ ಜಗಳಕ್ಕೆ ಅದು ಸರಿಯೇ. ಆದರೆ ಮೈಮೇಲೆ ಬಾಸುಂಡೆ ಏಳಿಸುವ ಹೊಡೆತಕ್ಕೂ ಅದೇ ಗಾದೆ ಹೇಳಿ ಕದ ಹಾಕಿಕೊಂಡರೆ ಹೇಗೆ? ಅದು ಜಗಳವಲ್ಲ ತಾಯಿ, ಹಿಂಸೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ 44 ಮಂದಿ ಗಂಡನ ಕೈಯಲ್ಲಿ ಹಿಂಸೆ ಉಂಡವರು. ದೇಶದ ಲೆಕ್ಕ ನೋಡಿದರೆ, ಹೀಗೆ ನೊಂದ ನೂರರಲ್ಲಿ ಸಹಾಯ ಕೇಳಿದವರು ಬರೀ 14 ಮಂದಿ. ಉಳಿದವರು ಏನು ಮಾಡಿದರು? ಸೆರಗು ಎಳೆದುಕೊಂಡು ರೊಟ್ಟಿ ಬಡಿಯಲು ಕುಳಿತರು, ಅಷ್ಟೇ.

ಧೈರ್ಯವಿಲ್ಲದೆ ಕೇಳಲಿಲ್ಲ ಎನ್ನಬೇಡಿ. ಠಾಣೆಗೆ ಹೋದರೆ ಆಸ್ಪತ್ರೆಗೆ ಹೋಗು, ಆಸ್ಪತ್ರೆಗೆ ಹೋದರೆ ವಕೀಲರ ಹತ್ತಿರ ಹೋಗು ಎನ್ನುತ್ತಾರೆ. ಒಂದೊಂದು ಬಾಗಿಲಲ್ಲೂ ಅದೇ ಗೋಳನ್ನು ಮೊದಲಿನಿಂದ ಹೇಳಬೇಕು. ಸೊಂಟದಲ್ಲಿ ಕೂಸು, ಕೈಯಲ್ಲಿ ಬಸ್ ಚಾರ್ಜಿಗೂ ದುಡ್ಡಿಲ್ಲ. ಮೂರನೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಯಾರಿಗಾದರೂ ಸಾಕಾಗುತ್ತದೆ.

ಅಮೆರಿಕದಲ್ಲಿ ಡುಲೂತ್ ಎಂಬ ಬಂದರು ಪಟ್ಟಣವಿದೆ. ಆಗ ಅಲ್ಲಿನ ಜನಸಂಖ್ಯೆ ಒಂದು ಲಕ್ಷವೂ ಇರಲಿಲ್ಲ. 1981ರಲ್ಲಿ ಆ ಊರಿನವರು ಒಂದು ಏರ್ಪಾಡು ಮಾಡಿಕೊಂಡರು. ಪೊಲೀಸರು, ನ್ಯಾಯಾಲಯ, ಹೆಂಗಸರ ಆಶ್ರಯ ಮನೆ ಎಲ್ಲರೂ ಒಟ್ಟಿಗೆ ಕುಳಿತು, ಹೊಡೆತದ ಸುದ್ದಿ ಬಂದರೆ ಯಾರು ಯಾವ ಕೆಲಸ ಮಾಡಬೇಕು ಎಂದು ಬರೆದಿಟ್ಟುಕೊಂಡರು. ಹೊಡೆದವನನ್ನು ಜವಾಬು ಕೇಳುವ ಹೊರೆ ಹೊಡೆತ ತಿಂದವಳ ಮೇಲಲ್ಲ, ಊರಿನ ಮೇಲೆ ಎಂಬುದು ಅದರ ತಿರುಳು. ಮುಂದೆ ಎಷ್ಟೋ ದೇಶಗಳು ಇದನ್ನು ನೋಡಿ ಕಲಿತವು.

"ಅದೆಲ್ಲಾ ಅಮೆರಿಕದ ಮಾತಾತು, ನಮ್ಮ ಯಾದಗಿರಿಗೇನು?" ಎನ್ನುತ್ತೀರಾ? ನಮ್ಮಲ್ಲೂ ಕಾನೂನು ಇಂಥದೇ ದಾರಿ ಹಾಕಿಕೊಟ್ಟಿದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾಯ್ದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ಕ್ಕೆ. ಹೆಂಡತಿಗೆ ಮಾತ್ರವಲ್ಲ, ಅದೇ ಮನೆಯ ತಾಯಿ, ಅಕ್ಕತಂಗಿ, ವಿಧವೆಯಾದ ಸೊಸೆಗೂ ಇದು ಆಸರೆ. ಹೊಡೆತವಷ್ಟೇ ಅಲ್ಲ, ಹೀನಾಯ ಮಾತು, ಖರ್ಚಿಗೆ ಕೊಡದಿರುವುದು, ಮನೆಯಿಂದ ಹೊರಗೆ ಹಾಕುವುದು ಎಲ್ಲವೂ ಹಿಂಸೆಯೇ.

ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೇ ರಕ್ಷಣಾಧಿಕಾರಿಯ ಕೆಲಸ ವಹಿಸಿದ್ದಾರೆ. ಯಾರಪ್ಪಾ ಇವರು ಎನ್ನಬೇಡಿ, ನಿಮ್ಮ ಓಣಿಯ ಅಂಗನವಾಡಿ ಕಾರ್ಯಕರ್ತೆಯ ಮೇಲಧಿಕಾರಿ. 2009ರ ಕೊನೆಗೆ ಯಾದಗಿರಿ ಜಿಲ್ಲೆಯಾಗುವವರೆಗೆ ದೊಡ್ಡ ಕಚೇರಿ ಕೆಲಸ ಎಂದರೆ ಕಲಬುರಗಿಗೇ ಓಡಬೇಕಿತ್ತು. ಈ ಕೆಲಸಕ್ಕಾದರೋ ಸುರಪುರದವರು ಶಹಾಪುರದ ಮೇಲೆ ಹಾಯ್ದು, ಭೀಮಾ ಸೇತುವೆ ದಾಟಿ ಯಾದಗಿರಿಗೂ ಬರಬೇಕಿಲ್ಲ. ಮೂರೂ ಊರುಗಳಲ್ಲಿ ಆ ಕಚೇರಿ ಉಂಟು.

ಅಲ್ಲಿ ನಿಮ್ಮ ಮಾತು ಕೇಳಿ 'ಕೌಟುಂಬಿಕ ಘಟನಾ ವರದಿ' ಬರೆಯುತ್ತಾರೆ. ಒಂದು ಪ್ರತಿ ನ್ಯಾಯಾಧೀಶರಿಗೆ, ಒಂದು ಪೊಲೀಸ್ ಠಾಣೆಗೆ ಹೋಗಬೇಕು. ಗೋಳು ಒಮ್ಮೆ ಹೇಳಿದರೆ ಸಾಕು, ಕಾಗದ ಓಡಾಡಲಿ ಎಂಬುದೇ ಇದರ ಉದ್ದೇಶ. ಏಟು ಬಿದ್ದು ನೇರವಾಗಿ ಆಸ್ಪತ್ರೆಗೆ ಹೋದರೂ ಸರಿ, ವರದಿ ಇಲ್ಲವೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ, ಅಲ್ಲಿಯೇ ಬರೆದು ರಕ್ಷಣಾಧಿಕಾರಿಗೆ ಕಳಿಸಬೇಕು. ಅರ್ಜಿ ಬಂದ ಮೇಲೆ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ಆಗಬೇಕು, 60 ದಿನದಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾನೂನು ಹೇಳುತ್ತದೆ. ವಕೀಲರ ಫೀಜಿನ ಚಿಂತೆಯೂ ಬೇಡ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ನೆರವು ಪುಕ್ಕಟೆ.

"ಗಂಡನ್ನ ಜೈಲಿಗೆ ಹಾಕಿಸಿ ನಾ ಎಲ್ಲಿ ಇರಲಿ?" ಎಂಬುದು ಬಹಳ ಮಂದಿಯ ಭಯ. ಈ ಕಾಯ್ದೆಯ ಅರ್ಜಿಗೆ ಮೊದಲು ಸಿಗುವುದು ಜೈಲಲ್ಲ, ಆಜ್ಞೆ. ಹೊಡೆಯಕೂಡದು, ಮನೆಯಿಂದ ಹೊರಗೆ ಹಾಕಕೂಡದು, ಖರ್ಚಿಗೆ ಕೊಡಬೇಕು ಎಂಬ ಆಜ್ಞೆ. ಮನೆ ಗಂಡನ ಹೆಸರಲ್ಲಿರಲಿ, ಮಾವನ ಹೆಸರಲ್ಲಿರಲಿ, ಬಾಳುತ್ತಿದ್ದ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ. ರಕ್ಷಣೆಯ ಆಜ್ಞೆ ಮೀರಿದರೆ ಮಾತ್ರ ಒಂದು ವರ್ಷದವರೆಗೆ ಸಜೆ, ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಇಷ್ಟೆಲ್ಲಾ ಕಾಗದದ ಮೇಲಿದ್ದು ಏನು ಬಂತು, ಅವಳಿಗೆ ಹೇಳುವವರು ಯಾರು? 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಓದುಬರಹ ಬಲ್ಲವರು ನೂರಕ್ಕೆ 41 ಮಾತ್ರ. ಗೋಡೆಗೆ ಭಿತ್ತಿಪತ್ರ ಅಂಟಿಸಿದರೆ ಓದುವವರು ಬೇಕಲ್ಲ? ಇಲ್ಲಿ ಈ ಪುಟ ಓದುವ ನಿಮ್ಮ ಕೆಲಸ ಬರುತ್ತದೆ. ನೊಂದವಳೇ ದೂರು ಕೊಡಬೇಕೆಂದಿಲ್ಲ. ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿದ್ದರೆ ಯಾರು ಬೇಕಾದರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಹೊಣೆ ಬರದಂತೆ ಕಾಯ್ದೆಯೇ ಕಾಪಾಡುತ್ತದೆ. ಆದರೂ ಆಕೆಯನ್ನು ಒಂದು ಮಾತು ಕೇಳಿಯೇ ಮುಂದುವರಿಯಿರಿ. ಹೊಡೆತದ ಬೆಲೆ ಕೊಡುವವಳು ಆಕೆ. ಪ್ರಾಣಕ್ಕೇ ಬಂದರೆ ಮಾತ್ರ ಕಾಯಬೇಡಿ, 112ಕ್ಕೆ ಫೋನು ಮಾಡಿ.

ಸಲಹೆ ಬೇಕಿದ್ದರೆ 181 ಮಹಿಳಾ ಸಹಾಯವಾಣಿ. ರಾತ್ರಿ ಎಲ್ಲಿ ಉಳಿಯಲಿ ಎಂದು ಕೇಳಿದರೆ 'ಸಖಿ' ಕೇಂದ್ರದ ದಾರಿ ಅವರೇ ತೋರಿಸುತ್ತಾರೆ. 2015ರ ಯೋಜನೆ ಅದು, ಚಿಕಿತ್ಸೆ, ಪೊಲೀಸ್ ನೆರವು, ವಕೀಲರು, ಕೆಲವು ದಿನದ ಆಸರೆ ಒಂದೇ ಸೂರಿನಡಿ. ಪಡಿತರ ಚೀಟಿ, ಆಧಾರ್, ಮದುವೆಯ ಕಾರ್ಡು, ಆಸ್ಪತ್ರೆಯ ಚೀಟಿ ಇವುಗಳ ನಕಲನ್ನು ನಂಬಿಗಸ್ತರ ಮನೆಯಲ್ಲಿ ಇಟ್ಟಿರಲು ಅವಳಿಗೆ ಹೇಳಿ.

ಮುಂದಿನ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಸಾಲದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಈ ಮಾತಿಗೆ ಇಡಿ. ಯೋಜನಾಧಿಕಾರಿಯನ್ನೇ ಕರೆಯಿರಿ. ನಮ್ಮ ಊರಲ್ಲಿ ವರದಿ ಬರೆಯುವವರು ಯಾರು, ಅದು ಎಷ್ಟು ದಿನಕ್ಕೆ ಕೋರ್ಟು ಮುಟ್ಟುತ್ತದೆ, ಠಾಣೆಯವರೂ ಆಸ್ಪತ್ರೆಯವರೂ ನಿಮ್ಮ ಜೊತೆ ಕುಳಿತು ಮಾತಾಡುತ್ತಾರಾ ಎಂದು ಕೇಳಿ. ನಾಲ್ಕು ಹೆಂಗಸರು ಕೂಡಿ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಏಳುವುದು ಯಾವ ಅಧಿಕಾರಿಗೂ ಸುಲಭವಲ್ಲ.