ಬೋಟಿಗೂ ಮೊದಲು ಮಗ್ಗುಲು

ಹವಾಯಿಗೆ ಮನೆ ಬದಲಿಸುವ ಅಮೆರಿಕನ್ನರಲ್ಲಿ ಮೀನಿನ ಹುಚ್ಚಿರುವವರಿಗೆ ತಮ್ಮ ಹಳೆಯ ಬೋಟನ್ನೂ ಹಡಗಿಗೆ ಹೇರಿ ಒಯ್ಯುವ ಆಸೆ. ಕೆರೆಗೆ ಒಗ್ಗಿದ ಚಪ್ಪಟೆ ತಳದ ಬೋಟಾದರೆ ಮಾರಿ ಹೋಗುವುದೇ ಲೇಸು. ಪೆಸಿಫಿಕ್ ಅಲೆಯ ಮೇಲೆ ಅದು ಕೂತವರ ಸೊಂಟ ಮುರಿಯುತ್ತದೆ. ಅಲ್ಲಿಗೆ ನೀರನ್ನು ಸೀಳಿಕೊಂಡು ಹೋಗುವ ವಿ ಆಕಾರದ ತಳ ಬೇಕು. ಆದರೆ ಬೋಟಿಗೂ ಮೊದಲು ಆರಿಸಬೇಕಾದದ್ದು ದ್ವೀಪದ ಮಗ್ಗುಲನ್ನು. ವರ್ಷದ ಬಹುಪಾಲು ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಕ್ಕೆ ಹವಾಯಿಯ ಅತಿ ದೊಡ್ಡ ದ್ವೀಪವಾದ ಬಿಗ್ ಐಲ್ಯಾಂಡಿನಲ್ಲಿ 4,207 ಮೀಟರಿನ ಮೌನಾ ಕಿಯಾ, 4,169 ಮೀಟರಿನ ಮೌನಾ ಲೋವಾ ಪರ್ವತಗಳು ಅಡ್ಡ ನಿಂತಿವೆ. ಅವುಗಳ ಮರೆಯಲ್ಲಿರುವ ಪಶ್ಚಿಮದ ಕೋನಾ ಕರಾವಳಿಯಲ್ಲಿ ಬೆಳಗಿನ ಕಡಲು ಎಷ್ಟೋ ದಿನ ಎಣ್ಣೆ ಹೊಯ್ದಷ್ಟು ನುಣುಪು. ದಡದ ಹತ್ತಿರವೇ ಸಮುದ್ರದ ತಳ ಕಡಿದಾಗಿ ಆಳಕ್ಕಿಳಿಯುವುದರಿಂದ ಟ್ಯೂನಾ, ಮಾರ್ಲಿನ್ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಟ್ರೇಲರಿನಲ್ಲಿ ಎಳೆದೊಯ್ಯಬಹುದಾದ 20 ಅಡಿ ಚಿಲ್ಲರೆಯ ಬೋಟಿಗೂ ಅವು ಎಟುಕುತ್ತವೆ. (ಅಂಥ ಮೀನನ್ನು ಒಬ್ಬರೇ ಬೋಟಿಗೆ ಎಳೆದುಕೊಳ್ಳುವುದು ಬೇರೆ ಕಥೆ.) ಅದೇ ಬೋಟನ್ನು ಉತ್ತರಕ್ಕೆ, ಮಾವಿ ದ್ವೀಪದ ಕಡೆಯ ಅಲೆನುಇಹಾಹಾ ಜಲಸಂಧಿಗೆ ಒಯ್ದರೆ ಪಾಡು ಕೇಳಬೇಡಿ, ಎರಡು ದ್ವೀಪಗಳ ಎತ್ತರದ ಬೆಟ್ಟಗಳ ನಡುವೆ ಇರುಕಿದ ಗಾಳಿ ಅಲ್ಲಿ ರಭಸವಾಗಿ ನುಗ್ಗುತ್ತದೆ. ಬೋಟು ಕೊಳ್ಳುವಾಗ ಹೊಸಬರು ಬಣ್ಣ, ಸೀಟು, ಸ್ಪೀಕರು ನೋಡುತ್ತಾರೆ. ನಾನಾದರೆ ಅದೇ ದುಡ್ಡನ್ನು ಎರಡನೆಯ ಎಂಜಿನ್ನಿಗೆ ಸುರಿಯುತ್ತೇನೆ: ಕೋನಾದಲ್ಲಿ ಎಂಜಿನ್ ಕೈಕೊಟ್ಟು ಪಶ್ಚಿಮಕ್ಕೆ ತೇಲಿಹೋದರೆ ಮುಂದೆ ಸಾವಿರಾರು ಕಿಲೋಮೀಟರ್ ನೀರೇ ನೀರು.